ರೋಲ್‌ಔಟ್ ಆಡಿಸಬೇಕಾ, ಪಾಕೆಟ್‌ನಲ್ಲೇ ನಿಲ್ಲಿಸಬೇಕಾ?

ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಪಾಸ್ ಆಟ ಆರಿಸುವಾಗ ಈ ಪ್ರಶ್ನೆ ಬಂದೇ ಬರುತ್ತದೆ. ಚೆಂಡು ಎಸೆಯುವ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಎದುರಾಳಿಗಳನ್ನು ತಡೆಯುವ ತನ್ನ ಲೈನ್‌ಮನ್‌ಗಳ ಕಾವಲಿನೊಳಗೆ ನಿಂತು ಎಸೆದರೆ ಅದು ಪಾಕೆಟ್ ಪಾಸ್. ಬಲಕ್ಕೋ ಎಡಕ್ಕೋ ಓಡುತ್ತಾ ಎಸೆದರೆ ರೋಲ್‌ಔಟ್.

ಪಾಕೆಟ್‌ನಲ್ಲಿ ಇಡೀ ಮೈದಾನ ಕಣ್ಣೆದುರಿಗಿರುತ್ತದೆ. ಕಾಲೂರಿ ಎಸೆಯಬಹುದು, ದೂರದ ಪಾಸ್‌ಗೆ ಇದೇ ವಾಸಿ. ಆದರೆ ಲೈನ್, ಅಂದರೆ ಆ ಲೈನ್‌ಮನ್‌ಗಳ ಸಾಲು, ಗಟ್ಟಿ ಇರಲೇಬೇಕು.

ರೋಲ್‌ಔಟ್‌ನಲ್ಲಿ ನೋಡಬೇಕಾದ್ದು ಅರ್ಧ ಮೈದಾನ, ಹಾಗಾಗಿ ಹೊಸ ಹುಡುಗನಿಗೆ ಸುಲಭ. ಎದುರಾಳಿ ತಂಡದ ಅಂಚಿನ ಡಿಫೆಂಡರ್‌ಗೆ ಮಾತ್ರ ಇಕ್ಕಟ್ಟು. ಮುಂದೆ ನುಗ್ಗಿದರೆ ಅವನ ಬೆನ್ನ ಹಿಂದೆ ಪಾಸ್ ಹೋಗುತ್ತದೆ, ಹಿಂದೆ ಸರಿದರೆ ಕ್ವಾರ್ಟರ್‌ಬ್ಯಾಕೇ ಚೆಂಡು ಹಿಡಿದು ಓಡುತ್ತಾನೆ. ಯಾರೂ ಖಾಲಿ ಸಿಗಲಿಲ್ವಾ? ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ನಿಯಮದಲ್ಲಿ ಟ್ಯಾಕಲ್ ಬಾಕ್ಸ್‌ನಿಂದ (ಲೈನ್‌ನ ಎರಡು ತುದಿಯ ಟ್ಯಾಕಲ್‌ಗಳ ನಡುವಿನ ಜಾಗ) ಹೊರಬಂದವನು ಚೆಂಡನ್ನು ಸುಮ್ನೆ ಹೊರಗೆಸೆಯಬಹುದು. ಅದು ಆಟ ಶುರುವಾದ ಗೆರೆಯವರೆಗೆ ಹೋದರೆ ದಂಡ ಇಲ್ಲ.

1982ರ ಜನವರಿ 10ರಂದು ಡಲ್ಲಾಸ್ ಕೌಬಾಯ್ಸ್ ವಿರುದ್ಧ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್‌ನ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಹೀಗೇ ಬಲಕ್ಕೆ ಓಡಿದರು. ಎದುರಾಳಿಗಳು ಬೆನ್ನಟ್ಟಿದ್ದರೂ 6 ಗಜದ ಗೆರೆಯಿಂದ ಶುರುವಾದ ಆಟದಲ್ಲಿ ಎಂಡ್ ಝೋನ್‌ನ (ಚೆಂಡು ತಲುಪಿದರೆ ಅಂಕ ಸಿಗುವ ಜಾಗ) ಹಿಂಬದಿಗೆ ಎತ್ತರದ ಪಾಸ್ ಹಾಕಿದರು. ಅವರದೇ ತಂಡದ ಡ್ವೈಟ್ ಕ್ಲಾರ್ಕ್ ಎಗರಿ ಹಿಡಿದರು. ಫಾರ್ಟಿನೈನರ್ಸ್ 28-27ರಿಂದ ಗೆದ್ದಿತು. ಎಂಥಾ ಆಟ ಅದು!

ರೋಲ್‌ಔಟ್‌ಗೂ ಮಿತಿ ಇದೆ. ಬಲಗೈಯವನು ಎಡಕ್ಕೆ ಓಡುತ್ತಾ ಎಸೆಯುವುದು ಕಷ್ಟ. ಓಡುವಾಗ ಮೈದಾನದ ಆಚೆ ಬದಿಗೆ ಎಸೆದರೆ ಇಂಟರ್‌ಸೆಪ್ಷನ್ ಭಯ, ಅಂದರೆ ಎದುರಾಳಿ ಪಾಸ್ ಹಿಡಿದುಬಿಡುವ ಭಯ, ಜಾಸ್ತಿ.

ಲೈನ್ ದುರ್ಬಲ, ಹುಡುಗ ಚುರುಕು, ಬೇಕಾದ್ದು ನಾಲ್ಕೈದು ಗಜ ಅಂದರೆ ನಾನು ರೋಲ್‌ಔಟ್ ಅನ್ನೇ ಆರಿಸುತ್ತೇನೆ.