ಸಿಂಗಪುರದ ಅರಬ್ ಸ್ಟ್ರೀಟ್ ವಾಕಿಂಗ್ ಟೂರ್: ಅತ್ತರ್ ಜಾಸ್ತಿ, ಇತಿಹಾಸ ಕಡಿಮೆ

ಅರಬ್ ಸ್ಟ್ರೀಟ್ ಇರುವ ಬಡಾವಣೆ ಕಂಪೋಂಗ್ ಗ್ಲಾಮ್‌ನ ಅರಬ್ ವ್ಯಾಪಾರಿಗಳ ಕತೆ ಹೇಳ್ತೀವಿ ಅಂತ ನಡೆಸುವ ಟೂರ್ ಇದು. ಕಂಪನಿ ಹೆಸರು ಬೇಡ ಬಿಡಿ. ನನ್ನ ಲೆಕ್ಕಕ್ಕೆ ಐದಕ್ಕೆ ಮೂರು ಸ್ಟಾರ್.

ಮೊದಲು ಚೆನ್ನಾಗಿದ್ದದ್ದು. ಬೀಚ್ ರೋಡಿನ ಹಾಜಾ ಫಾತಿಮಾ ಮಸೀದಿ ಹತ್ತಿರ ಗೈಡ್ ನಿಜಕ್ಕೂ ಮನಸ್ಸಿಟ್ಟು ಮಾತಾಡಿದರು. 1846ರ ಮಸೀದಿ, ಮಿನಾರ್ ವಾಲಿಕೊಂಡಿದೆ, ಎಲ್ಲರೂ ಅದರದ್ದೇ ಫೋಟೋ ತೆಗೀತಾರೆ. ಆದರೆ ಕತೆ ಇರುವುದು ಕಟ್ಟಿಸಿದವರಲ್ಲಿ. ಫಾತಿಮಾ ಮಲಾಕಾ ಕಡೆಯ ಹೆಂಗಸು, ಸ್ವಂತ ವ್ಯಾಪಾರ ಇತ್ತು, ಮಗಳನ್ನು ಅಲ್‌ಸಗಾಫ್ ಎಂಬ ಅರಬ್ ವ್ಯಾಪಾರಿ ಮನೆತನಕ್ಕೆ ಕೊಟ್ಟರು. ಯೆಮನ್‌ನ ಹದ್ರಮೌತ್‌ನಿಂದ ಬಂದ ಈ ಕುಟುಂಬಗಳು ಹೀಗೇ ಇಲ್ಲಿನವರ ಜೊತೆ ನೆಂಟಸ್ತನ ಬೆಳೆಸಿ ಬೇರು ಬಿಟ್ಟವು. ಈ ಭಾಗಕ್ಕೆ ಕೊಟ್ಟ ದುಡ್ಡು ವಸೂಲಾಯಿತು.

ಸುಲ್ತಾನ್ ಮಸೀದಿಯೂ ಪರವಾಗಿಲ್ಲ. ಗುಮ್ಮಟದ ಬುಡದಲ್ಲಿ ಸುತ್ತಲೂ ಇರುವ ಕಪ್ಪು ಪಟ್ಟಿ ಬಾಟಲಿಗಳ ತಳ, ಬಡವರು ಕೊಟ್ಟದ್ದು. ಗೈಡ್ ಹೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಆಮೇಲೆ ಶುರುವಾಯಿತು ಅತ್ತರ್ ಅಂಗಡಿ. ಅಲ್ಲಿಂದ ಕಾರ್ಪೆಟ್ ಅಂಗಡಿ, ಮತ್ತೆ ಇನ್ನೊಂದು ಅತ್ತರ್ ಅಂಗಡಿ. ಕಮಿಷನ್ ಇರಬೇಕು ಅಂತ ನನ್ನ ಅನುಮಾನ. ಈ ಅರಬರು ಸುಗಂಧ ಮಾರಿಯೇ ದೊಡ್ಡವರಾದರು ಅನ್ನುವ ಹಾಗಿತ್ತು ಕತೆ. ದೊಡ್ಡ ದುಡ್ಡು ಇದ್ದದ್ದು ಜಮೀನು, ಮನೆ ಬಾಡಿಗೆ, ಹಡಗುಗಳಲ್ಲಿ ಅಲ್ವಾ? ರಾಫಲ್ಸ್ ಹೋಟೆಲ್ 1887ರಲ್ಲಿ ಶುರುವಾದಾಗ ಅದರ ಬಂಗಲೆಯ ಮಾಲೀಕರು ಸಯ್ಯದ್ ಮೊಹಮ್ಮದ್ ಅಲ್‌ಸಗಾಫ್, ಹೋಟೆಲ್ ಶುರು ಮಾಡಿದ ಸಾರ್ಕಿಸ್ ಸಹೋದರರು ಬರೀ ಬಾಡಿಗೆದಾರರು. ಅದೇ ಬೀಚ್ ರೋಡ್‌ನಲ್ಲಿದೆ ಹೋಟೆಲ್, ಆದರೂ ಹೆಸರೇ ಬರಲಿಲ್ಲ.

ಬುಸ್ಸೋರಾ ಸ್ಟ್ರೀಟ್‌ನಲ್ಲಿ ಹಜ್‌ಗೆ ಹೊರಟವರು ಹಡಗು ಬರುವ ತನಕ ಉಳಿಯುತ್ತಿದ್ದರು ಅಂತ ಒಂದು ಮಾತು ಹೇಳಿ ಮುಂದೆ ಹೋದರು. ಅಲ್ಲಿ ‘ಜೆದ್ದಾ’ ಹಡಗಿನ ಕತೆ ಹೇಳಬೇಕಿತ್ತು! ಅಲ್‌ಸಗಾಫ್‌ರ ಕಂಪನಿಯದ್ದು, 1880ರಲ್ಲಿ ಸಾವಿರದ ಹತ್ತಿರ ಯಾತ್ರಿಕರಿದ್ದರು. ನೀರು ನುಗ್ಗಿತು ಅಂತ ಕ್ಯಾಪ್ಟನ್ ಮತ್ತು ಅಧಿಕಾರಿಗಳು ದೋಣಿ ಇಳಿಸಿಕೊಂಡು ಪರಾರಿ, ಏಡನ್‌ಗೆ ಹೋಗಿ ಹಡಗು ಮುಳುಗಿತು ಅಂದರು. ಮರುದಿನವೇ ಬೇರೊಂದು ಹಡಗು ‘ಜೆದ್ದಾ’ವನ್ನು ಎಳೆದುಕೊಂಡು ಅದೇ ಬಂದರಿಗೆ ಬಂತು, ಯಾತ್ರಿಕರ ಸಮೇತ. ಇಂಥದ್ದನ್ನು ಬಿಟ್ಟು ಕಾರ್ಪೆಟ್ ಗಂಟು ಎಣಿಸಿ ತೋರಿಸಿದರೆ ಏನು ಹೇಳೋದು?

ಈ ಅರಬ್ ಕುಟುಂಬಗಳ ಇಷ್ಟು ಆಸ್ತಿ ಎಲ್ಲಿ ಹೋಯಿತು ಅಂತ ಯಾರೋ ಕೇಳಿದರು. ‘ಕಾಲ ಬದಲಾಯಿತು’ ಅಂತ ಉತ್ತರ. ಸುಮ್ನೆ ಜಾರಿಕೊಳ್ಳುವ ಮಾತು. 1947ರ ಕಾನೂನು ಬಾಡಿಗೆಯನ್ನು ಯುದ್ಧಕ್ಕೆ ಮುಂಚಿನ ಮಟ್ಟಕ್ಕೇ ಕಟ್ಟಿಹಾಕಿತು, ಬಾಡಿಗೆ ನಂಬಿಕೊಂಡವರ ಆದಾಯ ಅಲ್ಲೇ ನಿಂತಿತು. 1966ರಲ್ಲಿ ಭೂಸ್ವಾಧೀನ ಕಾನೂನು ಬಂದ ಮೇಲೆ ಜಮೀನೂ ಬಹಳಷ್ಟು ಸರ್ಕಾರದ ಪಾಲಾಯಿತು. ಎರಡು ನಿಮಿಷದ ವಿಷಯ, ಗೈಡ್‌ಗೆ ಗೊತ್ತಿರಬೇಕಿತ್ತು.

ಇನ್ನೊಂದು, ಅಲ್‌ಜುನೈದ್ ಕುಟುಂಬದ ಸಯ್ಯದ್ ಉಮರ್ 1820ರಲ್ಲಿ ಕಟ್ಟಿಸಿದ, ಊರಿನ ಮೊದಲ ಮಸೀದಿ ಈ ಟೂರಿನಲ್ಲೇ ಇಲ್ಲ. ಅದಿರುವುದು ಸಿಂಗಪುರ ನದಿಯ ಹತ್ತಿರ, ನೀವೇ ಹೋಗಬೇಕು. ಮೊದಲ ಸಲ ಬರುವವರು ಬುಕ್ ಮಾಡಬಹುದು, ಬೆಳಿಗ್ಗೆಯ ಸರದಿ ಹಿಡಿಯಿರಿ, ಮಧ್ಯಾಹ್ನದ ಬಿಸಿಲು ಸಹಿಸಲಾಗದು. ಸ್ವಲ್ಪ ಓದಿಕೊಂಡು ಬಂದವರಿಗೆ ಇದು ಬೇಡ, ನಕ್ಷೆ ಹಿಡಿದು ನೀವೇ ನಡೆದರೆ ಸಾಕು.