ಬಿಟ್‌ವಾರ್ಡನ್ ಚೆನ್ನಾಗಿದೆ, ಅಡ್ಡ ಬರುವುದು ನನ್ನ ಬ್ಯಾಂಕಿನ ಸೈಟು

ಬಿಟ್‌ವಾರ್ಡನ್ ಒಂದು ಪಾಸ್‌ವರ್ಡ್ ಮ್ಯಾನೇಜರ್, ಅಂದರೆ ನಮ್ಮ ಪಾಸ್‌ವರ್ಡ್‌ಗಳನ್ನೆಲ್ಲ ಬೀಗ ಹಾಕಿ ಇಡುವ ಆ್ಯಪ್. ಅದರ ಹೆಸರೆತ್ತಿದ ತಕ್ಷಣ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಎಲ್ಲ ಒಂದೇ ಕಡೆ ಇಟ್ಟು, ಅದೇ ಹ್ಯಾಕ್ ಆದರೆ?" ಕೇಳಬೇಕಾದ ಪ್ರಶ್ನೆಯೇ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಇಂಥದೇ ಇನ್ನೊಂದು ಮ್ಯಾನೇಜರಿನ ಗ್ರಾಹಕರ ವಾಲ್ಟ್‌ಗಳ (ಪಾಸ್‌ವರ್ಡ್ ಇಡುವ ಪೆಟ್ಟಿಗೆಗಳ) ಬ್ಯಾಕಪ್ಪೇ ಕಳುವಾಗಿತ್ತು. ಆದರೆ ಒಳಗಿದ್ದ ಪಾಸ್‌ವರ್ಡ್‌ಗಳು ಎನ್‌ಕ್ರಿಪ್ಟ್ ಆಗಿದ್ದವು, ಅಂದರೆ ಕೀಲಿಯಿಲ್ಲದೆ ಓದಲಾಗದ ಗೂಢಲಿಪಿಯಲ್ಲಿದ್ದವು. ವಾಲ್ಟ್ ತೆರೆಯುವ ಆ ಒಂದು ಕೀಲಿಯನ್ನು, ಅಂದರೆ ಮಾಸ್ಟರ್ ಪಾಸ್‌ವರ್ಡನ್ನು, ಸುಲಭವಾಗಿ ಊಹಿಸುವಂತೆ ಇಟ್ಟವರಿಗೇ ಅಪಾಯ ಜಾಸ್ತಿ. ಹಾಗಾಗಿ ನನ್ನದು ಒಂದಕ್ಕೊಂದು ಸಂಬಂಧವೇ ಇಲ್ಲದ ಐದು ಕನ್ನಡ ಪದ, ಇಂಗ್ಲಿಷ್ ಅಕ್ಷರದಲ್ಲಿ.

ಮರೆತರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರಾಯಿತು ಅಂದುಕೊಳ್ಳಬೇಡಿ. ಮಾಸ್ಟರ್ ಪಾಸ್‌ವರ್ಡ್ ಬಿಟ್‌ವಾರ್ಡನ್‌ನವರ ಹತ್ತಿರ ಇರುವುದೇ ಇಲ್ಲ. ನಾನು ಕಾಗದದ ಮೇಲೆ ಬರೆದು ಬೀರುವಿನ ಲಾಕರಿನಲ್ಲಿ ಇಟ್ಟಿದ್ದೇನೆ. ಪಾಸ್‌ವರ್ಡ್ ಬರೆದಿಡಲೇಬಾರದು ಅನ್ನುತ್ತಾರಲ್ಲ, ಅದು ಮಾನಿಟರಿಗೆ ಅಂಟಿಸುವವರಿಗೆ ಹೇಳಿದ ಮಾತು.

ನಾನು ಬಳಸುವುದು ಉಚಿತ ಆವೃತ್ತಿ, ವರ್ಷಗಳಿಂದ. ದುಡ್ಡು ಕೊಡುವ ಅಗತ್ಯ ಇನ್ನೂ ಬಂದಿಲ್ಲ. ತಿಂಗಳ ಮೊದಲ ಭಾನುವಾರ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಬಿಲ್ ಕಟ್ಟಲು ಕೂರುತ್ತೇನೆ. ಬೆಸ್ಕಾಂ, ನೀರು, ಗ್ಯಾಸು. ಬೆರಳಚ್ಚು ಒತ್ತಿದರೆ ಹೆಸರು, ಪಾಸ್‌ವರ್ಡ್ ತಾನೇ ತುಂಬಿಕೊಳ್ಳುತ್ತದೆ. ಇದು ನೆನಪಿನ ಶಕ್ತಿ ಕಡಿಮೆ ಇರುವವರಿಗೆ ಅಂತ ಬಹಳ ಜನ ತಿಳಿದಿದ್ದಾರೆ. ನಿಜವಾದ ಲಾಭ ಬೇರೆಯೇ ಇದೆ. "ಬಿಲ್ ಬಾಕಿ, ಇಂದು ರಾತ್ರಿ ಕರೆಂಟ್ ಕಟ್" ಅಂತ ಸುಳ್ಳು ಮೆಸೇಜು ಬರುತ್ತವೆ, ಅಲ್ವಾ? ಅಂಥ ಲಿಂಕಿನ ಪುಟ ಅಸಲಿಯಂತೆಯೇ ಕಂಡರೂ ಬಿಟ್‌ವಾರ್ಡನ್ ಪಾಸ್‌ವರ್ಡ್ ತೋರಿಸುವುದಿಲ್ಲ. ಅದು ನೋಡುವುದು ಪುಟದ ಬಣ್ಣವನ್ನಲ್ಲ, ಸೈಟಿನ ವಿಳಾಸವನ್ನು. ನಾವೇ ಕೈಯಾರೆ ಹುಡುಕಿ ಟೈಪ್ ಮಾಡಿದರೆ ಮಾತ್ರ ಆ ಕಾವಲು ಹೋಯಿತು.

ನನ್ನ ಸಿಟ್ಟು ಇರುವುದು ಇಲ್ಲಿಯೇ. ನನ್ನ ಬ್ಯಾಂಕಿನ ನೆಟ್‌ಬ್ಯಾಂಕಿಂಗ್ ಸೈಟು ಪೇಸ್ಟ್ ಮಾಡಲೂ ಬಿಡುವುದಿಲ್ಲ, ತಾನೇ ತುಂಬಲೂ ಬಿಡುವುದಿಲ್ಲ. ಎಡಗೈಯಲ್ಲಿ ಮೊಬೈಲ್ ಹಿಡಿದು, ಬಿಟ್‌ವಾರ್ಡನ್‌ನಲ್ಲಿ ಪಾಸ್‌ವರ್ಡ್ ತೋರಿಸುವ ಕಣ್ಣಿನ ಗುರುತು ಒತ್ತಿ, ಒಂದೊಂದೇ ಅಕ್ಷರ ನೋಡಿ ಪರದೆಯ ಕೀಬೋರ್ಡಿನಲ್ಲಿ ಕುಟ್ಟಬೇಕು. ಆ ಕೀಬೋರ್ಡಿನ ಅಕ್ಷರಗಳೋ, ಪ್ರತಿ ಸಲವೂ ಜಾಗ ಬದಲಿಸಿರುತ್ತವೆ. ಇದು ದೊಡ್ಡ ಐ ಅಕ್ಷರವೋ, ಚಿಕ್ಕ ಎಲ್ ಅಕ್ಷರವೋ? ಸಾಲದ್ದಕ್ಕೆ ಕೆಲವು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಅನ್ನುವ ಒತ್ತಾಯ. ಪೇಸ್ಟ್ ಮಾಡಲು ಬಿಡಿ, ಕಾರಣವಿಲ್ಲದೆ ಬದಲಿಸಲು ಹೇಳಬೇಡಿ ಅಂತ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿದೆ. ಇಲ್ಲಿ ಮಾತ್ರ ಪೇಸ್ಟ್ ತಡೆಯುವುದನ್ನೇ, ಪದೇ ಪದೇ ಬದಲಿಸುವುದನ್ನೇ ಸುರಕ್ಷತೆ ಅನ್ನುತ್ತಾರೆ. ಹಣ ಇರುವ ಜಾಗದಲ್ಲೇ ನಕಲಿ ಸೈಟಿನಿಂದ ಕಾಯುವ ಕಾವಲನ್ನು ತೆಗೆದುಹಾಕಿದ್ದಾರೆ.

ನಿಮಗೂ ಇದೇ ಕಾಟವಿದ್ದರೆ ಬಿಟ್‌ವಾರ್ಡನ್‌ನಲ್ಲಿ ಪಾಸ್‌ವರ್ಡ್ ತಯಾರಿಸುವಾಗ ಒಂದೇ ಥರ ಕಾಣುವ ಅಕ್ಷರಗಳನ್ನು ಬಿಡುವ ಆಯ್ಕೆಗೆ ಟಿಕ್ ಹಾಕಿ. ಬ್ಯಾಂಕಿನ ಪುಟವನ್ನು ಮಾತ್ರ ಮೆಸೇಜಿನ ಲಿಂಕಿನಿಂದ ಯಾವತ್ತೂ ತೆರೆಯಬೇಡಿ. ಬಿಟ್‌ವಾರ್ಡನ್‌ನಲ್ಲೇ ಉಳಿಸಿದ ವಿಳಾಸದಿಂದ ಹೋಗಿ.