ಫೀಲ್ಡ್ ಬುಕ್, ಮೂರು ಮುಂಗಾರು: ತಾಕಿನಲ್ಲಿ ಸಲೀಸು, ವಂಶಾವಳಿಯಲ್ಲಿ ಎಚ್ಚರ

ತಳಿ ಬೆಳೆಸುವವರು ಹೊಲದಲ್ಲಿ ಗಿಡಗಳ ಅಳತೆ ಬರೆದಿಡುವ ಆ್ಯಪ್ ಫೀಲ್ಡ್ ಬುಕ್. ಅದನ್ನು ಮಂಡ್ಯದ ರಾಗಿ ತಾಕುಗಳಲ್ಲಿ ಮೂರು ಮುಂಗಾರು ಬಳಸಿದ ಮೇಲಿನ ಅಭಿಪ್ರಾಯ ಇದು. ಅಮೆರಿಕದ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ಆಂಡ್ರಾಯ್ಡ್ ಆ್ಯಪ್‌ಗೆ ದುಡ್ಡು ಕೊಡಬೇಕಿಲ್ಲ, ಹೊಲದಲ್ಲಿ ನೆಟ್‌ವರ್ಕ್ ಕೂಡ ಬೇಕಿಲ್ಲ. ಉಳಿದ ಗುಣಪಟ್ಟಿ ಪ್ಲೇ ಸ್ಟೋರ್‌ನಲ್ಲೇ ಇದೆ.

ಬೆಳಿಗ್ಗೆ ಪೈರಿನ ಮೇಲೆ ಇಬ್ಬನಿ ಇರುವಾಗ ಕಾಗದದ ಪುಸ್ತಕ ನೆನೆದು ಮುದ್ದೆಯಾಗುತ್ತದೆ. ಇಲ್ಲಿ ಆ ಗೋಳಿಲ್ಲ. ಕಡ್ಡಿಗೆ ಕಟ್ಟಿದ ಚೀಟಿಯ ಬಾರ್‌ಕೋಡ್‌ಗೆ ಫೋನ್ ಹಿಡಿದರೆ ಆ ಸಾಲು ತೆರೆದುಕೊಳ್ಳುತ್ತದೆ. ಅರ್ಧ ಗಿಡಗಳು ತೆನೆ ಹೊಡೆದಿದ್ದರೆ ದಿನಾಂಕ ಒತ್ತಿ ಮುಂದಿನ ಸಾಲಿಗೆ ಹೋಗುವುದು. ತೆಂಡೆ (ಬುಡದಿಂದ ಒಡೆಯುವ ಕವಲು) ಎಣಿಸಲು ಕೌಂಟರ್, ಗೆಣ್ಣಿನ ಬಣ್ಣಕ್ಕೆ ‘ಹಸಿರು’, ‘ನೇರಳೆ’ ಎಂಬ ಎರಡೇ ಗುಂಡಿ. ಯಾರು, ಎಷ್ಟು ಹೊತ್ತಿಗೆ ಬರೆದರು ಎಂಬುದೂ ತಾನಾಗಿ ದಾಖಲಾಗುತ್ತದೆ.

ಗೆಣ್ಣಿನ ಬಣ್ಣವನ್ನು ಮಾತ್ರ ಯಾರೂ ಬಿಡಬಾರದು. ರಾಗಿ ಹೂ ತೀರಾ ಸಣ್ಣದು, ಕೈಯಲ್ಲಿ ಕೇಸರ ಕೀಳುವುದು ಬಲು ಕಷ್ಟ. ಹಾಗಾಗಿ ತಾಯಿ ತೆನೆ, ತಂದೆ ತೆನೆ ಎರಡನ್ನೂ ಒತ್ತಾಗಿ ಕಟ್ಟಿಬಿಡುತ್ತಾರೆ. ಆಗ ಸಿಗುವ ಬೀಜದಲ್ಲಿ ಬಹುಪಾಲು ತಾಯಿಯ ಸ್ವಂತ ಪರಾಗದ್ದೇ. ತಾಯಿ ಹಸಿರು ಗೆಣ್ಣಿನದೂ ತಂದೆ ನೇರಳೆ ಗೆಣ್ಣಿನದೂ ಆಗಿದ್ದರೆ, ಎಫ್1 (ಸಂಕರದ ಮೊದಲ ತಲೆಮಾರು) ಸಾಲಿನಲ್ಲಿ ನೇರಳೆ ತೋರಿಸುವ ಗಿಡವೇ ನಿಜವಾದ ಸಂಕರ, ಮಿಕ್ಕಿದ್ದನ್ನು ಕಿತ್ತುಹಾಕಬೇಕು. ಆಮದು ಮಾಡುವ ಕಡತದಲ್ಲಿ ತಂದೆ ತಾಯಿಯ ಬಣ್ಣಕ್ಕೆ ಎರಡು ಕಂಬಸಾಲು (ಕಾಲಂ) ಕೊಟ್ಟರೆ, ಗಿಡದ ಮುಂದೆ ನಿಂತಾಗ ಪರದೆಯ ಮೇಲ್ಭಾಗದಲ್ಲಿ ಅವೂ ಕಾಣುತ್ತವೆ. ಇಷ್ಟು ಉಪಕಾರದ ಇನ್ನೊಂದು ಸೌಲಭ್ಯ ಈ ಆ್ಯಪ್‌ನಲ್ಲಿಲ್ಲ.

ವಂಶಾವಳಿಯ ವಿಷಯಕ್ಕೆ ಬಂದರೆ ಮನಸ್ಸು ಕಹಿಯಾಗುತ್ತದೆ. ಫೀಲ್ಡ್ ಬುಕ್ ಅಳತೆಯ ಪುಸ್ತಕ, ಯಾರ ಮಗ ಯಾರು ಎಂದು ಲೆಕ್ಕ ಇಡುವುದು ಅದರ ಕೆಲಸವಲ್ಲ. ಅದೇ ತಂಡದ ಇಂಟರ್‌ಕ್ರಾಸ್ ಆ್ಯಪ್ ತಾಯಿ, ತಂದೆ ಚೀಟಿಗಳನ್ನು ಸ್ಕ್ಯಾನ್ ಮಾಡಿ ಸಂಕರಕ್ಕೆ ನಂಬರ್ ಕೊಡುತ್ತದೆ. ಆದರೆ ಎಫ್2, ಎಫ್3 ಎಂದು ಮುಂದೆ ಹೋದಂತೆ ಎಲ್ಲವೂ ಬಂದು ಸೇರುವುದು ಸ್ಪ್ರೆಡ್‌ಶೀಟ್‌ಗೇ. ಕೆಡುವುದೂ ಅಲ್ಲೇ.

3ನೇ ಸಾಲು ತಾಯಿ, 7ನೇ ಸಾಲು ತಂದೆ ಎಂದು 3/7 ಬರೆದಿರುತ್ತೇವೆ. ಕಡತ ತೆರೆದ ಕೂಡಲೇ ಅದು ಜುಲೈ 3 ಆಗಿರುತ್ತದೆ. 3ನೇ ಕುಟುಂಬದ 7ನೇ ಗಿಡ, ಅಂದರೆ 3-7, ಅದೂ ಜುಲೈ 3. ಸಂಕರ ಯಾವುದು, ಆಯ್ಕೆ ಯಾವುದು ಎಂಬ ಗುರುತೇ ಅಳಿಸಿಹೋಯಿತು. ಸಂಖ್ಯೆಯ ರೂಪಕ್ಕೆ ತಿರುಗಿಸಿದರೆ 45841 ಎಂಬಂಥ ಅಂಕಿ ಸಿಗುತ್ತದೆ, ಹಳೆಯದು ಮರಳುವುದಿಲ್ಲ. ಅಂಥ ದಿನಾಂಕ ಇಲ್ಲದ್ದರಿಂದ 45-32 ಮಾತ್ರ ಹಾಗೇ ಉಳಿದಿರುತ್ತದೆ. ಅಲ್ಲೊಂದು ಇಲ್ಲೊಂದು ಕೆಡುವುದರಿಂದ ಬೇಗ ಕಣ್ಣಿಗೆ ಬೀಳುವುದಿಲ್ಲ. 007 ಬರೀ 7 ಆಗುತ್ತದೆ. ಇಂಗ್ಲಿಷಿನ ಇ ಅಕ್ಷರ ಹಾಕಿದ 2ಇ5 ಎಂಬ ತಾಕು 200000 ಆಗುತ್ತದೆ. ಇದೇ ಕಾಟಕ್ಕೆ 2020ರಲ್ಲಿ ಮನುಷ್ಯನ ಕೆಲವು ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು. ಕನ್ನಡದಲ್ಲಿ ಬರೆದ ನಾಟಿ ತಳಿಯ ಹೆಸರುಗಳು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಯದಿದ್ದರೆ ಪ್ರಶ್ನೆ ಚಿಹ್ನೆಗಳ ಸಾಲಾಗುತ್ತವೆ.

ಮಂಡ್ಯದ ವಿ.ಸಿ. ಫಾರಂ ಸಂಶೋಧನಾ ಕೇಂದ್ರದ ಇಂಡಾಫ್ ರಾಗಿ ತಳಿಗಳಿಗೆ ಹೆಸರೇ ವಂಶಾವಳಿ: ಇಂಡಿಯಾ, ಆಫ್ರಿಕಾ. ನಾಲ್ಕು ತಲೆಮಾರು ದಾಟಿದ ಸಾಲಿಗೆ ಆ ಅನುಕೂಲವಿಲ್ಲ, ಕಡತವೇ ಗತಿ. ಅದಕ್ಕೇ ಇಷ್ಟು ಸಂಕಟ.

ಈಗ ಗುರುತಿನ ನಂಬರ್ ಯಾವಾಗಲೂ ಅಕ್ಷರದಿಂದಲೇ ಶುರು, ‘ರಾಗಿ24ಸಾ0032’ ಎಂಬಂತೆ. ಒಳಗೆ ಓರೆಗೆರೆಯೂ ಇಲ್ಲ, ಅಡ್ಡಗೆರೆಯೂ ಇಲ್ಲ. ಸಿಎಸ್‌ವಿ (ಅಲ್ಪವಿರಾಮದಿಂದ ಬಿಡಿಸಿದ ಸಾದಾ ಪಠ್ಯ) ಕಡತವನ್ನು ಎರಡು ಸಲ ಒತ್ತಿ ತೆರೆಯುವುದಿಲ್ಲ. ಡೇಟಾ ಮೆನುವಿನಿಂದ ಆಮದು ಮಾಡಿ, ಎಲ್ಲ ಕಂಬಸಾಲನ್ನೂ ಟೆಕ್ಸ್ಟ್ ಎಂದು ಗೊತ್ತುಮಾಡಿದ ಮೇಲೆಯೇ ತೆರೆಯುವುದು. ಮೂಲ ಕಡತದ ಒಂದು ಪ್ರತಿಯನ್ನು ಯಾರೂ ಮುಟ್ಟದ ಹಾಗೆ ಬೇರೆ ಇಡಬೇಕು. ವಂಶಾವಳಿಗೆ ಮೂರೇ ಕಂಬಸಾಲು ಸಾಕು: ಸಾಲು, ತಾಯಿ, ತಂದೆ. ವಂಶಾವಳಿ ಬರೆಯಲು 1968ರಿಂದ ಬಳಕೆಯಲ್ಲಿರುವ ಪರ್ಡಿ ಪದ್ಧತಿಯ ಓರೆಗೆರೆ ಬರಹವನ್ನು (ತಾಯಿ ಮೊದಲು, ಎರಡನೇ ಸಂಕರಕ್ಕೆ ಎರಡು ಗೆರೆ) ವರದಿಗೆ ಬೇಕಾದಾಗ ಇವುಗಳಿಂದಲೇ ಕಟ್ಟಿಕೊಳ್ಳಬಹುದು.

ಬ್ರೀಡ್‌ಬೇಸ್ ಎಂಬ ತಳಿ ಡೇಟಾಬೇಸ್ ಅಳತೆ, ಸಂಕರ, ವಂಶಾವಳಿ ಮೂರನ್ನೂ ಒಂದೇ ಕಡೆ ಇಡುತ್ತದೆ, ಮುಕ್ತ ತಂತ್ರಾಂಶ ಕೂಡ. ಆದರೆ ಅದಕ್ಕೊಂದು ಸರ್ವರ್ ಬೇಕು, ನೋಡಿಕೊಳ್ಳುವವರೂ ಬೇಕು. ಮುನ್ನೂರು ಸಾಲಿಗೆ ಅಷ್ಟು ಖರ್ಚು ಹುಟ್ಟುವುದಿಲ್ಲ. ಅದೇ ಮೂರು ಕಂಬಸಾಲನ್ನು ಸ್ಕಾಟ್ಲೆಂಡಿನ ಜೇಮ್ಸ್ ಹಟ್ಟನ್ ಸಂಸ್ಥೆಯ ಹೀಲಿಯಂ ಎಂಬ ತಂತ್ರಾಂಶಕ್ಕೆ ಕೊಟ್ಟರೆ ವಂಶವೃಕ್ಷದ ಚಿತ್ರ ಬರುತ್ತದೆ. ತಾಯಿ ತಂದೆ ಇಲ್ಲದೆ ಒಂಟಿಯಾಗಿ ನಿಂತ ಸಾಲು ಆ ಚಿತ್ರದಲ್ಲಿ ಥಟ್ಟನೆ ಕಾಣುತ್ತದೆ. ಬಿತ್ತನೆಗೆ ಮುಂಚೆ ಅದನ್ನೊಮ್ಮೆ ನೋಡಿ, ಆಮೇಲೆ ಚೀಟಿ ಮುದ್ರಿಸಿ.